ವಾಸನೆ ಜಾಸ್ತಿ ಇರುವ ಬಣ್ಣ

ಚನ್ನಪಟ್ಟಣದ ಪೇಟೆಯಲ್ಲಿ ಬಣ್ಣದಂಗಡಿ ಇಟ್ಟುಕೊಂಡಿದ್ದ ತಾಜ್ ಪಾಷಾನಿಗೆ ಅಂಥ ಗಿರಾಕಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿರಲಾರಳು. ಅಡುಗೆಮನೆಯ ಹಳೇ ಮರದ ಕಪಾಟುಗಳಿಗೆ ಬಣ್ಣ ಬೇಕು ಅಂದಳು. ಯಾವ ಬಣ್ಣ ಅಂತ ಕೇಳಿ ಬಣ್ಣದ ಕಾರ್ಡು ಮುಂದಿಟ್ಟರೆ ಅದರ ಕಡೆ ನೋಡಲೂ ಇಲ್ಲ.

“ಬಣ್ಣ ಯಾವ್ದಾರಾ ಕೊಡಿ ಸಾಬ್ರೇ. ವಾಸ್ನೆ ಮಾತ್ರ ಜಾಸ್ತಿ ಇರ್ಬೇಕು.”

“ಅರೆ, ಎಲ್ಲಾರೂ ವಾಸ್ನೆ ಕಮ್ಮಿ ಇರೋದು ಕೇಳ್ತಾರಲ್ಲಮ್ಮಾ! ಹೊಸ ಮಾಲ್ ಬಂದೈತೆ, ಬಳ್ದಿದ್ದು ಮೂಗಿಗೇ ಗೊತ್ತಾಗಲ್ಲ.”

“ಮೂಗಿಗೆ ಗೊತ್ತಾಗ್ದೆ ಹೋದ್ರೆ ನಂಗ್ಯಾಕದು? ಹಳೇ ಕಾಲದ್ದೇ ಕೊಡಿ. ಗೋಡೆ ದಾಟಿ ಆ ಕಡೀಕೂ ಹೋಗ್ಬೇಕು ಅದು.”

ತಾಜ್ ಪಾಷಾ ಅವಳ ಮುಖವನ್ನೊಮ್ಮೆ ನೋಡಿ, ಹೆಚ್ಚು ಮಾತು ಬೆಳೆಸುವುದು ಕ್ಷೇಮವಲ್ಲ ಅಂದುಕೊಂಡು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಿಳಿಹಸಿರು ಎನಾಮಲ್ ಡಬ್ಬ ತೆಗೆದುಕೊಟ್ಟ. ಜೊತೆಗೆ ಪ್ರೈಮರ್, ಉಪ್ಪುಕಾಗದ, ಟರ್ಪೆಂಟೈನ್ ಸೀಸೆ. ಅವಳು ಸೀಸೆಯ ಬಿರಡೆ ತೆಗೆದು ಮೂಸಿದಳು. ಕಣ್ಣಲ್ಲಿ ನೀರು ಬಂತು. ಸಮಾಧಾನವಾಯಿತು.

ಆಕೆ ಅಕ್ಕೂರಿನ ಲತಾಮಣಿ. ತವರು ಮಾಗಡಿ ಕಡೆಯ ತಿಪ್ಪಸಂದ್ರ. ಅದು ಎರಡು ಸಾವಿರದ ಆರನೇ ಇಸವಿಯ ಆಷಾಢ. ಬಿಡದಿಯ ಸುತ್ತ ರಾಗಿ ಹೊಲಗಳ ಮೇಲೆ ಕಾರ್ಖಾನೆಗಳ ತಗಡಿನ ಚಾವಣಿ ಏಳುತ್ತಿದ್ದ ಕಾಲ. ಗಂಡ ಜಯಕುಮಾರ ಅಲ್ಲಿಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಇವಳು ರಾಮನಗರದ ಹತ್ತಿರ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದಳು. ಅಕ್ಕೂರಿನಿಂದ ಕಾರ್ಖಾನೆ ಬಸ್ಸು ಹತ್ತಿದ ಮೊದಲನೇ ಹೆಂಗಸು ಇವಳೇ. ಊರವರು ಅದನ್ನು ಧೈರ್ಯ ಅಂದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಮನೆಮನೆಯಲ್ಲೂ ರೇಷ್ಮೆಹುಳ ಸಾಕುವ ಊರಿನಲ್ಲಿ, ನೀನು ಹುಳ ಮುಟ್ಟಬೇಡ ಅನ್ನಿಸಿಕೊಂಡವಳು ಬಸ್ಸು ಹತ್ತದೆ ಇನ್ನೇನು ಮಾಡಬೇಕು, ನೀವೇ ಹೇಳಿ.

ಹಾಗೆ ಅಂದವಳು ಶಿವಲಿಂಗಮ್ಮ. ಜಯಕುಮಾರನ ಅಣ್ಣನ ಹೆಂಡತಿ, ಲತಾಮಣಿಗೆ ವಾರಗಿತ್ತಿ. ಲತಾಮಣಿ ಮದುವೆಯಾಗಿ ಬಂದ ವರ್ಷವೇ ಮನೆಯ ಹುಳಕ್ಕೆ ಸಪ್ಪೆ ರೋಗ ಬಿತ್ತು. ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಹುಳವೆಲ್ಲ ತಟ್ಟೆಗಳಲ್ಲೇ ಕಪ್ಪಾಗಿ ಕೊಳೆತು ನಾರಿದವು. ಅತ್ತೆ ಎದೆ ಬಡಿದುಕೊಂಡು, ಏನಾಯಿತು, ಯಾರು ಏನು ಮಾಡಿದಿರಿ ಎಂದು ಕೂಗಾಡಿದಾಗ ಶಿವಲಿಂಗಮ್ಮ ಕಣ್ಣು ಪಿಳುಕಿಸದೆ ಹೇಳಿದ್ದಳು: “ಮೊನ್ನೆ ಹೊಸಬಳು ಸೊಪ್ಪು ಹಾಕಿದ್ಲು ಕಣತ್ತೆ. ಅವಳ ಕೈ ಹುಳಕ್ಕಾಗಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಕೈಯಲ್ಲಿ ಮದರಂಗಿ ಆರದ ಹೆಣ್ಣು ಏನು ತಾನೆ ಹೇಳೀತು? ತಲೆ ತಗ್ಗಿಸಿ ನಿಂತಳು. ಆ ತಗ್ಗಿಸಿದ ತಲೆಯೇ ಸಾಕ್ಷಿಯಾಯಿತು. ಅಲ್ಲಿಂದ ಮುಂದೆ ಅವಳು ಯಾರ ಮನೆಗೆ ಹೋದರೂ ಹುಳದ ತಟ್ಟೆಯ ಮೇಲೆ ಒಂದು ಬಟ್ಟೆ ಬೀಳುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ಬಾರವ್ವಾ, ಕೂತ್ಕೊ, ನೀರು ಕುಡಿ ಅನ್ನುವರು. ಅಂತಲೇ ಬಟ್ಟೆ ಮುಚ್ಚುವರು. ಎದುರುಮನೆಯ ದೊಡ್ಡಲಕ್ಷ್ಮಮ್ಮನಂತೂ ಬಟ್ಟೆ ಕೈಗೆ ಸಿಗದಿದ್ದರೆ ತನ್ನ ಸೆರಗನ್ನೇ ಎಳೆದು ತಟ್ಟೆಗೆ ಅಡ್ಡ ಹಿಡಿಯುತ್ತಿದ್ದಳು. ಒಂದು ಬೈಗುಳವಾದರೆ ತಿರುಗಿ ಬೈದು ಮುಗಿಸಬಹುದು. ಸೆರಗಿಗೆ ಏನಂತ ಉತ್ತರ ಹೇಳುವುದು?

ಹುಳದ ಮನೆ ತಪ್ಪಿದ್ದರಿಂದ ಅವಳ ಪಾಲಿಗೆ ಬಂದದ್ದು ಅಡುಗೆಮನೆ. ಅಲ್ಲಿ ಗೋಡೆಯುದ್ದಕ್ಕೂ ಮಾವ ಮಾಡಿಸಿದ ಹಲಸಿನ ಮರದ ಕಪಾಟುಗಳಿದ್ದವು. ಹಲಸಿನ ಹಳದಿ ಅವಳು ಬರುವ ಮೊದಲೇ ಹೋಗಿತ್ತು. ಒಲೆಯ ಹೊಗೆ, ಎಣ್ಣೆಯ ಜಿಡ್ಡು, ಹುಣಿಸೆ ಹುಳಿ, ಅರಿಶಿನದ ಕೈ, ಎಲ್ಲ ಹತ್ತಿ ಹತ್ತಿ ಬಾಗಿಲುಗಳು ಎಮ್ಮೆ ತೊಗಲಿನಂತಾಗಿದ್ದವು. ಬಣ್ಣ ಹೊಡೆಸೋಣ ಅಂತ ಎಷ್ಟೋ ಸಲ ಕೇಳಿದ್ದಳು. “ಹುಳ ಐತೆ, ಈಗ ಬ್ಯಾಡ” ಅನ್ನುವಳು ಶಿವಲಿಂಗಮ್ಮ. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆಯ ಮೊಟ್ಟೆ ಬಂದಿರುತ್ತಿತ್ತು. ಹುಳಕ್ಕೆ ಘಾಟು ವಾಸನೆ ಆಗುವುದಿಲ್ಲ, ಅದು ನಿಜ. ಹಾಗಂತ ಮೆಣಸಿನಕಾಯಿ ಒಗ್ಗರಣೆಯೂ ಬೇಡ, ಊದುಬತ್ತಿಯೂ ಬೇಡ. ಮೈಗೆ ಪೌಡರು ಹಾಕಿಕೊಂಡರೂ ಮುಖ ಸಿಂಡರಿಸುವರು. ಒಗ್ಗರಣೆಯಿಲ್ಲದ ಸಾರು ಉಂಡೇ ಲತಾಮಣಿಯ ಹರೆಯ ಕಳೆಯಿತು. ಅತ್ತೆಮಾವ ಹೋದ ಮೇಲೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರು. ಪಡುವಣ ಕಡೆಯ ಹುಳದ ಮನೆ ಅಣ್ಣನಿಗೆ, ಮೂಡಲ ಕಡೆಯ ಅಡುಗೆಮನೆ ತಮ್ಮನಿಗೆ. ನಡುವೆ ಆಳೆತ್ತರದ ಗೋಡೆ ಎದ್ದಿತು. ಮೇಲಿನ ಹೆಂಚು ಮಾತ್ರ ಇಬ್ಬರಿಗೂ ಒಂದೇ ಆಗಿ ಉಳಿಯಿತು. ಗೋಡೆಗೂ ಹೆಂಚಿಗೂ ಮಧ್ಯದ ಸಂದಿನಲ್ಲಿ ಆ ಕಡೆಯ ಮಾತು ಈ ಕಡೆಗೂ ಈ ಕಡೆಯ ಹೊಗೆ ಆ ಕಡೆಗೂ ಹೋಗಿಬರುತ್ತಿದ್ದವು.

ಇಷ್ಟಾದರೂ ಲತಾಮಣಿ ಸುಮ್ಮನಿದ್ದಳು. ತನಗೆ ಅಂದದ್ದನ್ನು ನುಂಗಿಕೊಂಡೇ ಇದ್ದಳು. ಆದರೆ ಆ ಸಲದ ಕಾರಹುಣ್ಣಿಮೆ ಕಳೆದ ವಾರ ಮಗಳು ನವ್ಯಶ್ರೀ ಸ್ಕೂಲಿನ ಗೆಳತಿಯ ಮನೆಗೆ ಹೋದವಳು ಹೋದ ಕಾಲಲ್ಲೇ ಅಳುತ್ತಾ ಬಂದಳು.

“ಅವ್ವಾ, ನಾನು ಒಳೀಕೆ ಹೋಗ್ತಿದ್ದಂಗೆ ಅವರಜ್ಜಿ ತಟ್ಟೆ ಮೇಲೆ ಬಟ್ಟೆ ಹಾಕ್ಬುಟ್ರು. ತಾಯಿ ಕೈಯಿ ಮಗಳಿಗೂ ಬಂದಿರ್ತದಂತೆ. ದೊಡ್ಡವ್ವ ಹೇಳವ್ಳಂತೆ.”

ದೊಡ್ಡವ್ವ ಅಂದರೆ ಶಿವಲಿಂಗಮ್ಮ. ಲತಾಮಣಿಯ ಹೊಟ್ಟೆಯಲ್ಲಿ ಅಷ್ಟು ವರ್ಷ ಬೂದಿ ಮುಚ್ಚಿಕೊಂಡಿದ್ದ ಕೆಂಡ ಅವತ್ತು ಬಾಯಿ ಬಿಟ್ಟಿತು. ಮಗಳ ಕಣ್ಣೊರೆಸಿದಳು, ಊಟಕ್ಕಿಟ್ಟಳು. ಮನಸ್ಸಿನಲ್ಲಿ ಮಾತ್ರ ತೀರ್ಮಾನ ಆಗಿಹೋಗಿತ್ತು. ನನ್ನ ಕೈ ಹುಳ ಕೊಲ್ಲುತ್ತೆ ಅಂದೆಯಲ್ಲ ಶಿವಲಿಂಗಮ್ಮ, ಕೊಲ್ಲದೇ ಇದ್ದರೂ ಅನ್ನಿಸಿಕೊಂಡದ್ದು ಸಾಕು. ಈ ಸಲ ಕೊಂದೇ ಅನ್ನಿಸಿಕೊಳ್ಳುತ್ತೇನೆ.

ಯಾವಾಗ ಅನ್ನುವುದನ್ನೂ ಲೆಕ್ಕ ಹಾಕಿದಳು. ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದಮೇಲೆ ಹುಳ ಬೆರಳುದಪ್ಪ ಆಗುತ್ತದೆ, ಮನೆ ಮಂದಿಯೆಲ್ಲ ಸೊಪ್ಪು ಕೊಯ್ದು ಕೊಯ್ದು ಸೋಲುತ್ತಾರೆ. ಮನೆಯವರ ಬೆವರೆಲ್ಲ ಆಗಲೇ ತಟ್ಟೆಯೊಳಗಿರುತ್ತದೆ. ಆಗ ಹುಳ ಹೋದರೆ ಎಲ್ಲವೂ ಹೋದಂತೆ. ಅವಳಿಗೆ ಬೇಕಾಗಿದ್ದದ್ದು ಅದೇ.

ಹುಳ ಇನ್ನೂ ಜ್ವರದಲ್ಲಿದ್ದಾಗಲೇ ಇವಳು ಕಾರ್ಖಾನೆಗೆ ರಜೆ ಹಾಕಿ ಕಪಾಟಿಗೆ ಕೈ ಹಚ್ಚಿದಳು. ಡಬ್ಬಿಗಳನ್ನೆಲ್ಲ ಇಳಿಸಿ, ಬಿಸಿನೀರಿಗೆ ಬಟ್ಟೆಸೋಡ ಕಲಸಿ ತೆಂಗಿನ ನಾರಿನಿಂದ ತಿಕ್ಕಿದಳು. ಜಿಡ್ಡು ಕರಗಿ ಕಪ್ಪು ನೀರು ಮೊಣಕೈವರೆಗೂ ಇಳಿಯಿತು. ಆರಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದಳು. ಒಂದೊಂದು ಕಲೆಯೂ ಅವಳಿಗೆ ಗುರುತಿತ್ತು. ಈ ಹುಳಿ ಚೆಲ್ಲಿದ್ದು ಬಸುರಿಯಾಗಿದ್ದಾಗ ತಲೆಸುತ್ತು ಬಂದು. ಈ ಹೊಗೆ ಹತ್ತಿದ್ದು ಹುಳಕ್ಕೆ ಘಾಟು ಹೋಗದಿರಲಿ ಅಂತ ಕಿಟಕಿ ಬಾಗಿಲು ಮುಚ್ಚಿಸಿ ಅಡುಗೆ ಮಾಡಿಸಿದ್ದಕ್ಕೆ. ಉಜ್ಜಿದಷ್ಟೂ ಸಿಟ್ಟು ಏರಿತು. ಬೆರಳ ತುದಿ ಸವೆದು ಉರಿದರೂ ಬಿಡಲಿಲ್ಲ.

ಜಯಕುಮಾರ ಪಾಳಿ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ.

“ಏನೇ ಇದು? ಆ ಕಡೆ ಹುಳ ಐತಲ್ಲೇ. ಒಸಿ ತಡೀಬಾರ್ದಾ?”

“ಕಪಾಟು ನನ್ ಪಾಲಿಗೆ ಬಂದಿರೋವು. ತಡೀರಿ ಅನ್ನಕ್ಕೆ ಇಷ್ಟ್ ವರ್ಷ ಇದ್ರಲ್ಲ, ಯಾವತ್ತಾರಾ ನಿಮ್ಮತ್ಗೇಗೆ ಬಾಯ್ಮುಚ್ಚು ಅಂದಿದ್ರಾ?”

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಅವನಿಗೆ ಗೊತ್ತು. ಉಂಡು ಮಲಗಿದ. ಒಳ್ಳೆಯವನೇ, ಒಳ್ಳೆಯತನದಿಂದ ಯಾರಿಗೂ ಒಂದು ಕಾಸಿನ ಉಪಯೋಗ ಆಗದಂಥ ಒಳ್ಳೆಯವನು.

ಆ ಕಡೆಯ ಹುಳ ಜ್ವರ ಎದ್ದದ್ದು ಲತಾಮಣಿಗೆ ಸದ್ದಿನಿಂದಲೇ ತಿಳಿಯಿತು. ದೊಡ್ಡ ಹುಳ ಸೊಪ್ಪು ತಿನ್ನುವಾಗ ತುಂತುರು ಮಳೆ ಬಿದ್ದಂತೆ ಸರಸರ ಕೇಳುತ್ತದೆ. ಗೋಡೆಗೆ ಕಿವಿಯಿಟ್ಟು ಕೇಳಿದಳು. ಕೇಳಿಕೊಂಡೇ ಹೋಗಿ ಡಬ್ಬದ ಮುಚ್ಚಳಕ್ಕೆ ಚಮಚ ತೂರಿಸಿ ಎಬ್ಬಿದಳು.

ಪ್ರೈಮರ್ ಮೇಲೆ ಹಸಿರು ಬಳಿದರೆ ಹಳೇ ಕಲೆ ಮತ್ತೆ ಮೇಲೆದ್ದಿತು. ಹಸಿರಿನೊಳಗಿಂದ ಕಂದು ಮೋಡದ ಹಾಗೆ. ಇನ್ನೊಂದು ಕೈ ಬಳಿದಳು. ಟರ್ಪೆಂಟೈನನ್ನು ಬಣ್ಣಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಸುರಿದಳು; ಉಳಿದದ್ದನ್ನು ಅಗಲ ಬಾಯಿಯ ತಟ್ಟೆಗೆ ಹಾಕಿ ಗೋಡೆಯ ಮೇಲೆ, ಹೆಂಚಿನ ಸಂದಿಗೆ ಸರಿಯಾಗಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳ ತಲೆಯೇ ಸಿಡಿಯತೊಡಗಿತು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು, ಬಾಯಿ ಮುಕ್ಕಳಿಸಿ ಮತ್ತೆ ಬ್ರಷ್ ಹಿಡಿದಳು. ಇಲ್ಲಿ ನನಗೇ ಹೀಗಾದರೆ ಅಲ್ಲಿ ಆ ಪುಟ್ಟ ಹುಳಗಳಿಗೆ ಹೇಗಾಗಿರಬೇಡ ಅಂತ ಯೋಚಿಸಿದಳು. ಕರುಣೆಯಿಂದಲ್ಲ, ಖುಷಿಯಿಂದ.

ಅಷ್ಟರಲ್ಲಿ ಶಿವಲಿಂಗಮ್ಮ ಓಡಿಬಂದಳು. ಹಿತ್ತಲಲ್ಲಿ ಬಿದ್ದಿದ್ದ ಪ್ರೈಮರ್ ಡಬ್ಬ ನೋಡಿ ದೊಡ್ಡಲಕ್ಷ್ಮಮ್ಮ ಸುದ್ದಿ ಮುಟ್ಟಿಸಿದ್ದಳು. ಸೊಪ್ಪಿನ ಕಲೆಯ ಕೈಯಲ್ಲೇ ಬಾಗಿಲು ಹಿಡಿದು ನಿಂತಳು. ಮನೆ ಪಾಲಾದಮೇಲೆ ಅವಳು ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು.

“ಲತಾ, ಏನ್ ಮಾಡ್ತಿದ್ದೀಯೇ? ಹುಳ ಹಣ್ಣಾಯ್ತಾವೆ ಕಣೇ. ನಿನ್ ದಮ್ಮಯ್ಯ ಅಂತೀನಿ, ಒಂದ್ ನಾಕ್ ದಿನ ತಡ್ಕೊ.”

ಲತಾಮಣಿ ತಿರುಗಲಿಲ್ಲ. ಬ್ರಷ್ಷನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆದಳು.

“ಬಣ್ಣ ಬಳುದ್ರೇನಕ್ಕಾ, ಬುಟ್ರೇನು? ನನ್ ಕೈ ಸಾಕಲ್ಲ ಹುಳ ಸಾಯಕ್ಕೆ. ನೀನೇ ಹೇಳಿದ್ದು.”

“ಅದ್ನೆಲ್ಲ ಈಗ್ಯಾಕೆ ಎತ್ತೀಯವ್ವಾ? ಆಗಿದ್ದಾಗೋಯ್ತು.”

“ಆಗೋಗಿಲ್ವಲ್ಲಾ! ಮೊನ್ನೆ ನನ್ ಮಗಳ ಕೈಗೂ ಅದನ್ನೇ ಅಂಟ್ಸಿದ್ದೀಯ.”

ಶಿವಲಿಂಗಮ್ಮ ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಆಮೇಲೆ ಕೈ ಮುಗಿದಳು. ದೊಡ್ಡವಳು, ಅಕ್ಕ ಅನ್ನಿಸಿಕೊಳ್ಳುವವಳು, ಎರಡೂ ಕೈ ಎತ್ತಿ ಮುಗಿದಳು. ಆ ಕೈಗಳನ್ನು ಲತಾಮಣಿ ಕಪಾಟಿನ ಒದ್ದೆ ಬಣ್ಣದ ಹೊಳಪಿನಲ್ಲಿ ನೋಡಿದಳು, ಮತ್ತೆ ಬ್ರಷ್ ಅದ್ದಿದಳು. ಆಗ ಅವಳಿಗೆ ಆದ ಸಂತೋಷವನ್ನು ಮುಚ್ಚಿಟ್ಟು ಏನು ಪ್ರಯೋಜನ? ಮಗಳು ಹುಟ್ಟಿದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ. ಶಿವಲಿಂಗಮ್ಮ ಅಳುತ್ತಾ ಹೋದಳು. ಒದ್ದೆ ಗೋಣಿಚೀಲಗಳನ್ನು ಆ ಕಡೆಯಿಂದ ಗೋಡೆಯ ಮೇಲೆ ನೇತುಹಾಕುವ ಸದ್ದು ಕೇಳಿತು.

ಲತಾಮಣಿ ಮೂರನೇ ಕೈಯನ್ನೂ ಬಳಿದು ಮುಗಿಸಿದಳು. ಇನ್ನು ಕಾಯುವುದೊಂದೇ ಬಾಕಿ. ಬಸ್ಸಿನಲ್ಲಿ ಕೂತಾಗ, ಕಾಲರು ಹೊಲಿಯುವಾಗ ಅದೇ ಯೋಚನೆ. ಈಗ ಸಾಯುತ್ತಿರಬಹುದು, ಈಗ ನಾರುತ್ತಿರಬಹುದು. ಸಂಜೆ ಬಂದವಳೇ ಗೋಡೆಗೆ ಕಿವಿ ಕೊಡುವಳು. ಸರಸರ ಸದ್ದು ಇನ್ನೂ ಇರುತ್ತಿತ್ತು. ಒಂದು ಸಂಜೆ ಸದ್ದು ನಿಂತಿತ್ತು. ಆಯಿತು, ಮುಗಿಯಿತು ಅಂದುಕೊಂಡಳು. ಓಡಿ ಬೀದಿಬಾಗಿಲಿಗೆ ಬಂದು ಆ ಕಡೆ ಇಣುಕಿದಳು.

ಸತ್ತಿರಲಿಲ್ಲ. ಹಣ್ಣಾಗಿದ್ದವು, ಅದಕ್ಕೇ ಮೇವು ಬಿಟ್ಟಿದ್ದವು. ಭಾವ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒಂದೊಂದೇ ತಂದು ಚಪ್ಪರದ ನೆರಳಿಗೆ ಒರಗಿಸುತ್ತಿದ್ದ. ಚಂದ್ರಿಕೆಯ ಸುರುಳಿ ಸುರುಳಿಯಲ್ಲೂ ಹುಳ ತಲೆಯಾಡಿಸಿ ನೂಲು ಬಿಡುತ್ತಿದ್ದವು. ಒಂದೂ ಕಪ್ಪಾಗಿರಲಿಲ್ಲ.

ಲತಾಮಣಿ ಒಳಗೆ ಬಂದು ಗಿಳಿಹಸಿರು ಕಪಾಟಿನ ಮುಂದೆ ಕುಕ್ಕರಿಸಿ ಅತ್ತಳು. ಕೊಲ್ಲಬಾರದಿತ್ತು ಅಂತ ಅಳಲಿಲ್ಲ, ಕೊಲ್ಲಲಾಗಲಿಲ್ಲವಲ್ಲ ಅಂತ ಅತ್ತಳು. ಮಾಡದ ಪಾಪಕ್ಕೆ ಶಿಕ್ಷೆ ಉಂಡವಳಿಗೆ ಮಾಡಹೊರಟ ಪಾಪವೂ ಕೈಗೆ ಹತ್ತಲಿಲ್ಲ. ಅತ್ತು ಮುಗಿದಮೇಲೆ ತನ್ನ ಕೈಗಳನ್ನೇ ನೋಡಿಕೊಂಡಳು. ಉಗುರ ಸಂದಿಯಲ್ಲಿ ಹಸಿರು ಮೆತ್ತಿತ್ತು. ಆಗ ಅವಳಿಗೆ ಹೊಳೆಯಿತು: ಬೇಕೂ ಅಂತ ಕೊಲ್ಲಲು ಹೋದರೂ ಈ ಕೈಗೆ ಆ ಹುಳ ಸಾಯಲಿಲ್ಲ. ಹಾಗಾದರೆ ಅವತ್ತು ಸತ್ತದ್ದು ಯಾರ ಕೈಯಿಂದ?

ಗೂಡು ಬಿಡಿಸುವ ದಿನ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆಯುವುದು ಅಲ್ಲಿಯ ರೂಢಿ. ಇವತ್ತು ನಮ್ಮನೆಗೆ ನೀವು, ನಾಳೆ ನಿಮ್ಮನೆಗೆ ನಾವು. ಶಿವಲಿಂಗಮ್ಮನ ಚಪ್ಪರದಡಿ ಹೆಂಗಸರು ಸುತ್ತಲೂ ಕೂತು, ತೊಡೆಯ ಮೇಲೆ ಚಂದ್ರಿಕೆ ಇಟ್ಟುಕೊಂಡು ಹಳದಿ ಗೂಡು ಕಿತ್ತು ಮಂಕರಿಗೆ ಹಾಕುತ್ತಿದ್ದರು. ಬೆಳೆ ಚೆನ್ನಾಗಿ ಬಂದಿತ್ತು, ನಗು ಮಾತು ಜೋರಾಗಿತ್ತು. ಕರೆಯದೆ ಬಂದು ನಿಂತ ಲತಾಮಣಿಯನ್ನು ನೋಡಿ ನಗು ನಿಂತಿತು. ದೊಡ್ಡಲಕ್ಷ್ಮಮ್ಮನ ಕೈ ತಾನಾಗಿಯೇ ಸೆರಗಿಗೆ ಹೋಯಿತು.

“ಮುಚ್ಬ್ಯಾಡಿ ಲಕ್ಷ್ಮಮ್ಮಾ” ಅಂದಳು ಲತಾಮಣಿ. “ಎಲ್ಲಾರೂ ಇದ್ದೀರ, ಒಂದ್ ಮಾತ್ ಕೇಳಿ ಹೋಯ್ತೀನಿ. ಅಕ್ಕಾ, ಈ ಹುಳ ಸಾಯ್ಲಿ ಅಂತ್ಲೇ ನಾನು ಬಣ್ಣ ಬಳ್ದೆ. ಅಂಗ್ಡೀಲಿ ವಾಸ್ನೆ ಜಾಸ್ತಿ ಇರೋದೇ ಕೇಳಿ ತಂದೆ. ಟರ್ಪೆಂಟೈನ್ ತಂದು ನಿನ್ ಗೋಡೆ ಮ್ಯಾಲೇ ಮಡಗಿದ್ದೆ. ಸುಳ್ ಹೇಳ್ತಿಲ್ಲ.”

ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಬ್ಬಳು ಶಿವ ಶಿವಾ ಅಂದಳು.

“ಇಷ್ಟ್ ಮಾಡುದ್ರೂ ಸಾಯ್ಲಿಲ್ವಲ್ಲ, ಯಾಕೆ?”

ಶಿವಲಿಂಗಮ್ಮ ಗೂಡು ಕೀಳುತ್ತಲೇ ಇದ್ದಳು. ಅನುಭವಸ್ಥೆ ದೊಡ್ಡಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. “ಅಯ್ಯೋ ಪೆದ್ದೀ, ನಾಕ್ನೇ ಜ್ವರ ಎದ್ದ್ ಹುಳಕ್ಕೆ ಗಾಳಿ ಬೇಕು ಅಂತ ಪಡುವಣ ಕಿಟಕಿ ಎಲ್ಲಾ ತೆಗ್ದಿರ್ತಾರೆ. ಆಷಾಢದ್ ಗಾಳಿ ಒಳೀಕ್ ನುಗ್ಗಿ ಗೋಡೆ ಮ್ಯಾಲಿಂದ ನಿನ್ ಕಡೀಕೇ ಹೋಯ್ತದೆ. ನಿನ್ ವಾಸ್ನೆ ನಿನ್ ಮೂಗ್ಗೇ ಬಡ್ದೈತೆ. ಹುಳದ್ ಮನೇಲಿ ಒಂದಿನ ಕೂತಿದ್ರೂ ಗೊತ್ತಾಗಿರೋದು.”

“ಕೂರಕ್ ಬುಟ್ರಾ ನನ್ನ?”

ಲತಾಮಣಿ ಶಿವಲಿಂಗಮ್ಮನ ಮುಂದೆ ಬಂದು ನಿಂತಳು.

“ಗಾಳಿ ಇದ್ರೆ ಉಳೀತವೆ, ಘಾಟು ತಾಕುದ್ರೆ ಸಾಯ್ತವೆ. ಒಪ್ಕೊಂಡೆ. ಕೈಯಿಂದ ಎಲ್ಲಾರಾ ಸಾಯ್ತವಾ ಅಕ್ಕಾ? ನಾನ್ ಮದ್ವೆ ಆಗಿ ಬಂದ್ ವರ್ಷ ಯಾತ್ರಿಂದ ಸತ್ವು? ನನ್ ಮಗಳಾಣೆ, ಇವತ್ತು ನೀನು ಹೇಳೋಗಂಟ ನಾನು ಇಲ್ಲಿಂದ ಕದಲಾಕಿಲ್ಲ.”

ಶಿವಲಿಂಗಮ್ಮನ ತೊಡೆಯ ಮೇಲಿನ ಚಂದ್ರಿಕೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ. ತಲೆ ತಗ್ಗಿಸಿ, ಹತ್ತಿರ ಕೂತವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು.

“ಸೊಪ್ಪು ನೆಂದಿತ್ತು ಕಣೇ. ಹಿಂದಲ ದಿನ ಮಳೆ. ಆರಾಕೋಕೆ ಸೋಮಾರಿತನ ಆಗಿ ಹಂಗೇ ಹಾಕ್ಬುಟ್ಟೆ. ಅತ್ತೆ ನನ್ನ ಮನೆಯಿಂದ ಆಚೀಕ್ ಹಾಕ್ತಾಳೆ ಅಂತ ಹೆದ್ರುಕೊಂಡು ನಿನ್ ಹೆಸ್ರು ಹೇಳ್ದೆ. ತಪ್ಪಾಯ್ತು ಲತಾ.”

ಲತಾಮಣಿ ಕಣ್ಣು ಮುಚ್ಚಿಕೊಂಡಳು. ಈ ಮಾತನ್ನು ಅವಳು ಎಷ್ಟು ಸಲ ಕನಸಿನಲ್ಲಿ ಕೇಳಿದ್ದಳೋ. ಈಗ ಕೇಳಿಸಿತು, ಊರ ಹೆಂಗಸರ ಎದುರಿಗೇ ಕೇಳಿಸಿತು. ಎದೆಯ ಮೇಲಿನ ಚಪ್ಪಡಿ ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮ, ಕೈಯಲ್ಲಿದ್ದ ಗೂಡನ್ನು ಮಂಕರಿಗೆ ಎಸೆಯುತ್ತಾ, ಇದೇನು ದೊಡ್ಡ ಸಂಗತಿ ಅನ್ನುವ ಹಾಗೆ ಅಂದಳು:

“ಅದು ಎಲ್ಲಾರ್ಗೂ ಗೊತ್ತಿದ್ದಿದ್ದೇ ಬುಡವ್ವಾ. ನೀರ್ ತೊಟ್ಟಿಕ್ತಿದ್ ಸೊಪ್ಪಿನ್ ಹೊರೆ ಹೊತ್ಕೊಂಡು ಇವಳು ನಮ್ ಬಾಗ್ಲು ಮುಂದ್ಲಿಂದ್ಲೇ ಹೋಗಿದ್ದು. ಬ್ಯಾಡ ಕಣೇ, ಆರಾಕು ಅಂತ ನಾನೇ ಕೂಗಿ ಹೇಳಿದ್ದೆ.”

ಲತಾಮಣಿ ಕಣ್ಣು ತೆರೆದಳು. “ಗೊತ್ತಿತ್ತಾ?”

“ಗೊತ್ತಿಲ್ದೆ ಏನು.”

“ಗೊತ್ತಿದ್ದೂ ಸೆರಗು ಮುಚ್ತಿದ್ರಾ?”

“ಮನೆ ಹಿರೀಸೊಸೆ ಹೇಳುದ್ಮೇಲೆ ನಮ್ಗ್ಯಾಕೆ ಅಂತ. ನೀನಾದ್ರೆ ಹೊಸಬಳು. ಯಾರ್ ಮ್ಯಾಲಾರಾ ಹಾಕ್ಲೇಬೇಕಲ್ಲ.”

ಲತಾಮಣಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅವಳು ಬಾಣಂತಿಯಾಗಿದ್ದಾಗ ಸೊಪ್ಪಿನ ಸಾರು ತಂದುಕೊಟ್ಟವಳು ಅಲ್ಲಿದ್ದಳು. ಅವಳ ಜೊತೆ ನೀರಿಗೆ ಬರುತ್ತಿದ್ದವಳಿದ್ದಳು. ಅವಳ ಮಗಳನ್ನು ಎತ್ತಿ ಆಡಿಸಿದವಳೂ ಇದ್ದಳು. ಅಷ್ಟು ವರ್ಷ ಅವಳು ಒಬ್ಬಳ ಮೇಲೆ ಹಲ್ಲು ಮಸೆದಿದ್ದಳು, ಒಬ್ಬಳ ಗೋಡೆಗೆ ಕಿವಿಯಿಟ್ಟಿದ್ದಳು.

“ನೀನೂ ಒಂದ್ ಚಂದ್ರಿಕೆ ತಗೊಂಡ್ ಕೂತ್ಕೊ ಬಾ ಲತಾ” ಅಂತ ಯಾರೋ ಜಾಗ ಸರಿದು ಕರೆದರು.

ಅವಳು ಕೂರಲಿಲ್ಲ. ಶಿವಲಿಂಗಮ್ಮನ ಕಡೆ ತಿರುಗಿ, “ಇಷ್ಟ್ ದಿನ ನೀನೊಬ್ಳೇ ಅಂದ್ಕೊಂಡಿದ್ದೆ ಅಕ್ಕಾ” ಅಂದಳು.

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದವಳು ಶಿವಲಿಂಗಮ್ಮ ಒಬ್ಬಳೇ. ಉಳಿದವರು ಗೂಡು ಬಿಡಿಸುತ್ತಿದ್ದರು.